ಓದು ಮತ್ತು ರಕ್ಷಣೆ: ಹಳ್ಳಿಯ ಶಾಲೆಯಲ್ಲಿ ಎರಡನ್ನೂ ಒಂದೇ ಕೆಲಸವಾಗಿ ನಡೆಸುವ ಬಗೆ

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗಿಯೊಬ್ಬಳು ಐದನೆಯ ಅಥವಾ ಆರನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗ ಮನೆಯವರು ಸಾಮಾನ್ಯವಾಗಿ ಹೇಳುವ ಕಾರಣ ‘ಓದು ತಲೆಗೆ ಹತ್ತಲಿಲ್ಲ’ ಎಂಬುದು. ಈ ಮಾತಿನ ಹಿಂದೆ ಹಲವು ವರ್ಷಗಳ ಸಂಗತಿಗಳು ಸೇರಿಕೊಂಡಿರುತ್ತವೆ. ಮೂರನೆಯ ತರಗತಿ ಮುಗಿದರೂ ಒತ್ತಕ್ಷರ ಓದಲಾರದ ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ಓದಲು ಎಬ್ಬಿಸಿದಾಗ ತಡವರಿಸಿ ನಗೆಪಾಟಲಾಗುತ್ತದೆ ಅಥವಾ ಪೆಟ್ಟು ತಿನ್ನುತ್ತದೆ. ಆ ಭಯಕ್ಕೆ ಶಾಲೆ ತಪ್ಪಿಸುತ್ತದೆ, ತಪ್ಪಿಸಿದಷ್ಟೂ ಹಿಂದೆ ಬೀಳುತ್ತದೆ. ಅದೇ ಹೊತ್ತಿಗೆ ದಾರಿಯಲ್ಲಿ ಯಾರಾದರೂ ಕಾಡುತ್ತಿರಬಹುದು, ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲದಿರಬಹುದು, ಆದರೆ ತರಗತಿಯಲ್ಲಿ ಒಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿ ಅಭ್ಯಾಸವಿಲ್ಲದ ಮಗು ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೊನೆಗೆ, ಓದು ಹತ್ತದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಮಾಡುವುದೇನೆಂದು ಮದುವೆಯ ಮಾತು ಶುರುವಾಗುತ್ತದೆ.

ಕಡತಗಳಲ್ಲಿ ಓದಿನ ಮಟ್ಟ ಶಿಕ್ಷಣ ಇಲಾಖೆಗೆ ಸೇರಿದರೆ ಮಕ್ಕಳ ರಕ್ಷಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರುತ್ತದೆ. ಶಾಲೆಯಲ್ಲಿ ಮಾತ್ರ ಇವೆರಡೂ ಒಂದೇ ಮಗುವಿನಲ್ಲಿ ಕೂಡುತ್ತವೆ. ಆದ್ದರಿಂದ ಓದಿಸುವ ಕಾರ್ಯಕ್ರಮವೊಂದು, ರಕ್ಷಣೆಯ ಕಾರ್ಯಕ್ರಮ ಇನ್ನೊಂದು ಎಂದು ಎರಡು ಯೋಜನೆ ಹಾಕಿಕೊಳ್ಳದೆ, ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡನ್ನೂ ಹೆಣೆದು ನಡೆಸುವುದು ಹೇಗೆ ಎಂಬುದನ್ನು ಮುಖ್ಯ ಶಿಕ್ಷಕರು, ಸಹಶಿಕ್ಷಕರು, ಅತಿಥಿ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗಾಗಿ ಇಲ್ಲಿ ವಿವರಿಸಲಾಗಿದೆ. ಯಾದಗಿರಿ, ರಾಯಚೂರು, ಕಲಬುರಗಿ ಭಾಗದ ಹಿರಿಯ ಪ್ರಾಥಮಿಕ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%ರಷ್ಟಿದ್ದು ರಾಜ್ಯದಲ್ಲೇ ಕಡಿಮೆಯಾಗಿತ್ತು. ಮಹಿಳೆಯರಲ್ಲಿ ಅದು ಸುಮಾರು 41% ಮಾತ್ರ. ಅಂದು ಓದು ಬಾರದಿದ್ದ ಹುಡುಗಿಯರಲ್ಲಿ ಅನೇಕರು ಇಂದು ನಮ್ಮ ಶಾಲೆಗಳ ಮಕ್ಕಳ ತಾಯಂದಿರು. ಮನೆಪಾಠಕ್ಕೆ ತಾಯಿ ನೆರವಾಗುತ್ತಾಳೆಂಬ ಲೆಕ್ಕ ಇಲ್ಲಿ ಎಲ್ಲ ಮನೆಗೂ ಹೊಂದುವುದಿಲ್ಲ.

ಮೊದಲ ಕೆಲಸ: ಪ್ರತಿ ಮಗುವಿನ ಜೊತೆ ಐದು ನಿಮಿಷ

ಜೂನ್ ತಿಂಗಳಲ್ಲಿ, ದಾಖಲಾತಿಯ ಗಡಿಬಿಡಿ ಮುಗಿದ ಮೇಲೆ, ಮೂರರಿಂದ ಏಳನೆಯ ತರಗತಿಯವರೆಗಿನ ಪ್ರತಿ ಮಗುವಿನ ಓದನ್ನು ಒಬ್ಬೊಬ್ಬರಾಗಿ ನೋಡಬೇಕು. 2005ರಲ್ಲಿ ಆರಂಭವಾದ ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕದ ಮಟ್ಟ ನೋಡುವ ಅಸರ್ ಸಮೀಕ್ಷೆ ಬಳಸುವ ಮಾದರಿಯೇ ಇದಕ್ಕೆ ಸಾಕು: ಒಂದು ಹಾಳೆಯಲ್ಲಿ ಕೆಲವು ಅಕ್ಷರಗಳು, ಕೆಲವು ಸರಳ ಪದಗಳು, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲಿನ ಗದ್ಯ, ಎರಡನೆಯ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಮಗು ಯಾವ ಹಂತದವರೆಗೆ ಸರಾಗವಾಗಿ ಓದುತ್ತದೆಯೋ ಅದೇ ಅದರ ಮಟ್ಟ. ಲಿಖಿತ ಪರೀಕ್ಷೆಯಿಂದ ಇದು ತಿಳಿಯುವುದಿಲ್ಲ, ಏಕೆಂದರೆ ಕರಿಹಲಗೆಯ ಮೇಲಿರುವುದನ್ನು ದುಂಡಾಗಿ ನಕಲು ಮಾಡುವ ಎಷ್ಟೋ ಮಕ್ಕಳಿಗೆ ತಾವು ಬರೆದದ್ದನ್ನೇ ಓದಲು ಬರುವುದಿಲ್ಲ.

ಈ ಪರೀಕ್ಷೆಯನ್ನು ನಡೆಸುವ ರೀತಿಯಲ್ಲೇ ಮಗುವಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟಬೇಕು ಅಥವಾ ಹುಟ್ಟದೆ ಹೋಗಬೇಕು. ತರಗತಿಯ ಎದುರು ನಿಲ್ಲಿಸದೆ, ಎಲ್ಲರಿಗೂ ಕಾಣುವ ಆದರೆ ಮಾತು ಕೇಳಿಸದ ಜಾಗದಲ್ಲಿ, ಉದಾಹರಣೆಗೆ ವರಾಂಡದ ಒಂದು ಕೊನೆಯಲ್ಲಿ, ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಓದಿಸಿ. ತಪ್ಪಾದಾಗ ತಿದ್ದಬೇಡಿ, ಅಂಕ ಹೇಳಬೇಡಿ, ಅಣ್ಣನ ಜೊತೆಗೋ ಅಕ್ಕನ ಜೊತೆಗೋ ಹೋಲಿಸಬೇಡಿ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಗುವಿಗೆ ಪದ ಓದಲು ಬಂದರೂ ಅರ್ಥವಾಗದಿರಬಹುದು. ಅದನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ, ಅದು ದಡ್ಡತನವಲ್ಲ. ಓದು ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ: ಶಾಲೆಗೆ ಯಾರ ಜೊತೆ ಬರುತ್ತೀ, ಶಾಲೆಯಲ್ಲಿ ಇಷ್ಟವಾಗದ ಜಾಗ ಯಾವುದು. ಉತ್ತರ ಬಂದರೆ ಕೇಳಿಸಿಕೊಳ್ಳಿ, ಬಾರದಿದ್ದರೆ ಬಲವಂತ ಬೇಡ.

ಹಾಜರಿ ಪುಸ್ತಕವನ್ನು ಓದುವುದು

ಓದಿನ ಮಟ್ಟದ ಪಟ್ಟಿ ಸಿದ್ಧವಾದ ಮೇಲೆ ಹಿಂದಿನ ವರ್ಷದ ಹಾಜರಿ ಪುಸ್ತಕವನ್ನು ಅದರ ಪಕ್ಕದಲ್ಲಿ ಬಿಚ್ಚಿಟ್ಟುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಶಾಲೆಯಲ್ಲಿರುವ ದಾಖಲೆಗಳಲ್ಲೆಲ್ಲ ಇದಕ್ಕಿಂತ ಹೆಚ್ಚು ಹೇಳುವುದು ಇನ್ನೊಂದಿಲ್ಲ, ಆದರೂ ನಾವು ಅದನ್ನು ಬಿಸಿಯೂಟದ ಲೆಕ್ಕಕ್ಕೆ ಮಾತ್ರ ತೆರೆಯುತ್ತೇವೆ. ವಾರದಲ್ಲಿ ಒಂದೇ ದಿನ ಗೈರಾಗುವ ಮಗುವಿನ ಮನೆಯವರು ಸಂತೆಗೆ ಹೋಗುತ್ತಾರೆ, ಮಗು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತದೆ. ದೀಪಾವಳಿಯ ನಂತರ ವಾರಗಟ್ಟಲೆ ಕಾಣದ ಮಕ್ಕಳು ಹತ್ತಿ ಬಿಡಿಸಲು ಹೋಗಿರುತ್ತಾರೆ ಅಥವಾ ಕುಟುಂಬದೊಡನೆ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗಿರುತ್ತಾರೆ. ಆರು ಮತ್ತು ಏಳನೆಯ ತರಗತಿಯ ಹುಡುಗಿಯರು ಪ್ರತಿ ತಿಂಗಳು ಮೂರು ನಾಲ್ಕು ದಿನ ತಪ್ಪಿಸುತ್ತಿದ್ದರೆ ಶೌಚಾಲಯದಲ್ಲಿ ನೀರಿದೆಯೇ, ಬಳಸಿದ ಬಟ್ಟೆ ಅಥವಾ ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ ಇದೆಯೇ ಎಂದು ಮೊದಲು ನೋಡಬೇಕು. ಇವುಗಳಲ್ಲಿ ಯಾವುದಕ್ಕೂ ಸೇರದೆ, ಚೆನ್ನಾಗಿ ಬರುತ್ತಿದ್ದ ಮಗು ಒಂದು ದಿನದಿಂದ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದ್ದರೆ, ಅಥವಾ ಒಬ್ಬರೇ ಶಿಕ್ಷಕರಿರುವ ದಿನಗಳಲ್ಲಿ ಮಾತ್ರ ತಪ್ಪಿಸುತ್ತಿದ್ದರೆ, ಆ ಹೆಸರಿನ ಮುಂದೆ ಗುರುತು ಹಾಕಿ ಅದೇ ವಾರ ವಿಚಾರಿಸಬೇಕು.

ವಿಚಾರಿಸಲು ಮನೆಗೆ ಹೋಗುವಾಗ ಇಬ್ಬರು ಹೋಗಿ, ಅವರಲ್ಲೊಬ್ಬರು ಮಹಿಳೆಯಾಗಿರಲಿ. ಶಿಕ್ಷಕಿ ಇಲ್ಲದ ಶಾಲೆಯಲ್ಲಿ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಎಸ್‌ಡಿಎಂಸಿಯ ತಾಯಿಯೊಬ್ಬರನ್ನೋ ಕರೆದುಕೊಳ್ಳಿ. ಕಟ್ಟೆಯ ಮೇಲೆ ಕುಳಿತ ಗಂಡಸರ ಎದುರು ‘ನಿಮ್ಮ ಮಗಳು ಸಾಲಿಗಿ ಬರಲಕತ್ತಿಲ್ಲ’ ಎಂದು ಗಟ್ಟಿಯಾಗಿ ಹೇಳಿದರೆ ಅದು ಊರೊಟ್ಟಿನ ಸುದ್ದಿಯಾಗುತ್ತದೆ. ಒಳಗೆ ಹೋಗಿ ತಾಯಿಯ ಜೊತೆ, ಸಾಧ್ಯವಾದರೆ ಅಜ್ಜಿಯ ಜೊತೆಯೂ, ‘ಯಾಕವ್ವಾ, ಮಗಳಿಗಿ ಆರಾಮ ಇಲ್ಲೇನು?’ ಎಂದು ಮಾತು ತೆಗೆಯುವುದು ಒಳ್ಳೆಯದು. ದೂರು ಹೇಳಲು ಬಂದಿದ್ದಾರೆ ಎನಿಸಿದರೆ ಬಾಗಿಲು ಮುಚ್ಚುತ್ತದೆ. ಮಗು ಓದಿದ ಒಂದು ಪುಟವನ್ನೋ ಬಿಡಿಸಿದ ಚಿತ್ರವನ್ನೋ ಕೈಯಲ್ಲಿ ಹಿಡಿದುಕೊಂಡು ಹೋದರೆ ಮಾತಿಗೆ ಒಂದು ನೆಲೆ ಸಿಗುತ್ತದೆ.

ದಿನಕ್ಕೊಂದು ಗಂಟೆಯ ಓದು

ಮಟ್ಟ ತಿಳಿದ ಮೇಲೆ ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ದಿನಕ್ಕೊಂದು ಗಂಟೆ ತರಗತಿಯ ಗೋಡೆ ಮರೆತು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ. ಆರು, ಏಳರಲ್ಲಿ ಇನ್ನೂ ಪದ ಓದಲು ಕಷ್ಟಪಡುವವರಿಗೆ ಬೇರೆ ಗುಂಪು ಮಾಡಿ, ಚಿಕ್ಕವರ ನಡುವೆ ಕೂರಿಸಬೇಡಿ. ನಮ್ಮ ರಾಜ್ಯಕ್ಕೆ ಈ ದಾರಿ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ನೆರವಿನಿಂದ ಮೊದಲಾದ ನಲಿಕಲಿ ಪದ್ಧತಿ, ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಬೇಕೆಂಬ ನಂಬಿಕೆಯ ಮೇಲೆಯೇ ನಿಂತಿದೆ. ತೊಂದರೆ ಇರುವುದು ನಲಿಕಲಿ ಮುಗಿದು ನಾಲ್ಕನೆಯ ತರಗತಿಗೆ ಕಾಲಿಡುವಾಗ: ಕಾರ್ಡುಗಳು ಹೋಗಿ ದಪ್ಪ ಪಠ್ಯಪುಸ್ತಕಗಳು ಬರುತ್ತವೆ, ಏಣಿಯ ಅರ್ಧದಲ್ಲಿದ್ದ ಮಗು ಅಲ್ಲಿಯೇ ಉಳಿಯುತ್ತದೆ.

ಅಕ್ಷರದ ಗುಂಪಿಗೆ ನಲಿಕಲಿಯ ಕ್ರಮವನ್ನೇ ಮತ್ತೆ ಹಿಡಿಯಬಹುದು. ಅ ಆ ಇ ಈ ಎಂದು ವರ್ಣಮಾಲೆಯ ಸಾಲಿನಲ್ಲಿ ಹೋಗದೆ ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕಲಿಸಿದರೆ ಅದೇ ದಿನ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲದು. ಹತ್ತು ವರ್ಷದ ಹುಡುಗಿಗೆ ‘ಗರಗಸ’ ಎಂಬ ನಾಲ್ಕಕ್ಷರದ ಪದ ತಾನಾಗಿ ಓದಿಸಿಕೊಂಡಾಗ ಸಿಗುವ ಧೈರ್ಯ ತಿಂಗಳುಗಟ್ಟಲೆ ಅಕ್ಷರ ತಿದ್ದಿದರೂ ಸಿಗುವುದಿಲ್ಲ. ಪದದ ಗುಂಪಿನವರಿಗೆ ಕಾಗುಣಿತದ ಚಿಹ್ನೆಗಳನ್ನು ಗೊತ್ತಿರುವ ಪದಗಳಲ್ಲೇ ಬದಲಿಸಿ ತೋರಿಸಿ: ಸರ, ಸಾರ, ಸೇರು, ಸೂರು. ಒತ್ತಕ್ಷರಕ್ಕೆ ಮಗುವಿನ ಬಾಯಲ್ಲಿ ದಿನವೂ ಬರುವ ಅಕ್ಕ, ಅಪ್ಪ, ಹತ್ತಿ, ರೊಟ್ಟಿ, ಎಮ್ಮೆಯಿಂದ ತೊಡಗಿ, ಸಜಾತಿ ಒತ್ತು (ಅದೇ ಅಕ್ಷರದ ಒತ್ತು) ಗಟ್ಟಿಯಾದ ಮೇಲೆ ವಿಜಾತಿ ಒತ್ತಿಗೆ (ಬೇರೆ ಅಕ್ಷರದ ಒತ್ತಿಗೆ) ಹೋಗಿ.

ಗದ್ಯ ಮತ್ತು ಕಥೆಯ ಗುಂಪಿಗೆ ಮಗುವಿನ ಮಾತನ್ನೇ ಪಾಠ ಮಾಡಿಕೊಳ್ಳುವುದು ಬಹಳ ಫಲಕಾರಿ. ನಿನ್ನೆ ಏನಾಯಿತು ಎಂದು ಕೇಳಿ, ಮಗು ‘ನಮ್ಮವ್ವ ಹತ್ತಿ ಬಿಡಸಲಕ ಹೋಗ್ಯಾಳ, ನಾ ರೊಟ್ಟಿ ಮಾಡೀನಿ’ ಎಂದರೆ ಅದನ್ನು ಇದ್ದ ಹಾಗೆಯೇ ಹಲಗೆಯ ಮೇಲೆ ಬರೆಯಿರಿ. ತಾನಾಡಿದ ಮಾತು ಅಕ್ಷರವಾಗಿ ಕಂಡಾಗ ಮಗು ಅದನ್ನು ಸಲೀಸಾಗಿ ಓದುತ್ತದೆ. ಗ್ರಂಥಸ್ಥ ರೂಪವನ್ನು ಮರುದಿನ ಅದರ ಕೆಳಗೆ ಬರೆದು ತೋರಿಸಬಹುದು. ಈ ಅಭ್ಯಾಸದ ಇನ್ನೊಂದು ಫಲವೆಂದರೆ ತನ್ನ ದಿನದ ಬಗ್ಗೆ ಹೇಳಿದರೆ ದೊಡ್ಡವರು ಗಮನವಿಟ್ಟು ಕೇಳುತ್ತಾರೆ, ಬರೆದೂ ಕೊಳ್ಳುತ್ತಾರೆ ಎಂಬುದು ಮಗುವಿಗೆ ಖಚಿತವಾಗುತ್ತದೆ. ಆದರೆ ಮನೆಯ ಹೊಡೆತ, ಕುಡಿತ, ಜಗಳದ ಮಾತು ಬಂದರೆ ಹಲಗೆಯ ಮೇಲೆ ಬರೆಯದೆ, ಆಮೇಲೆ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತನಾಡಬೇಕು.

ಈ ಗಂಟೆಗೆ ಎರಡು ಕಟ್ಟುಪಾಡುಗಳಿರಲಿ. ಓದುವವರು ತಡವರಿಸಿದರೆ ಯಾರೂ ನಗಬಾರದು. ಮೊದಲು ಎಲ್ಲರೂ ಕೂಡಿ, ಆಮೇಲೆ ಇಬ್ಬಿಬ್ಬರಾಗಿ, ಧೈರ್ಯ ಬಂದ ಮೇಲೆ ಒಬ್ಬರೇ ಓದಬೇಕು. ಎರಡನೆಯದು, ಬೆತ್ತ ತರಗತಿಯೊಳಗೆ ಬರಬಾರದು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ದೊಡ್ಡವರ ಕೈ ತನ್ನ ಮೈಮೇಲೆ ಬೀಳುವುದು ಸಹಜವೆಂದು ಶಾಲೆಯಲ್ಲೇ ಕಲಿತ ಮಗು ಬೇರೊಬ್ಬರ ಕೆಟ್ಟ ಕೈಯ ಬಗ್ಗೆ ಶಿಕ್ಷಕರ ಹತ್ತಿರ ಬಂದು ಹೇಳುವುದಾದರೂ ಹೇಗೆ?

ಯಾರು ಗುಡಿಸುತ್ತಾರೆ, ಯಾರು ಓದುತ್ತಾರೆ

ಬೆಳಗಿನ ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿ ಸುಮ್ಮನೆ ನಿಂತು ನೋಡಿ. ಹುಡುಗಿಯರು ಕಸ ಗುಡಿಸುತ್ತಿರುತ್ತಾರೆ, ನೀರು ಚಿಮುಕಿಸುತ್ತಿರುತ್ತಾರೆ, ಹುಡುಗರು ಆಡುತ್ತಿರುತ್ತಾರೆ. ಅತಿಥಿಗಳು ಬಂದರೆ ಚಹಾ ಕೊಡಲು ಹುಡುಗಿಯನ್ನು ಕರೆಯುತ್ತಾರೆ, ಮೈಕ್ ಮುಂದೆ ವರದಿ ಓದಲು ಹುಡುಗನನ್ನು. ಹುಡುಗಿಯರ ಓದಿನ ಸಮಯ ಹೀಗೆಯೇ ಕಳೆಯುತ್ತದೆ, ಅವರು ಸೇವೆ ಮಾಡಲು ಇರುವವರು ಎಂಬ ತಿಳಿವಳಿಕೆ ಹುಡುಗರಲ್ಲಿ ಹೀಗೆಯೇ ಬೇರೂರುತ್ತದೆ. ಗುಡಿಸುವ, ನೀರು ತರುವ, ಓದುವ, ವರದಿ ಹೇಳುವ ಕೆಲಸಗಳಿಗೆ ಹುಡುಗ ಹುಡುಗಿಯರನ್ನು ಬೆರೆಸಿ ಸರದಿ ಹಾಕಿ, ಪಟ್ಟಿಯನ್ನು ಗೋಡೆಗೆ ಅಂಟಿಸಿ. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ಮಗುವಿಗೂ, ಅದರಲ್ಲೂ ಜಾತಿ ನೋಡಿ, ಎಂದಿಗೂ ಹಚ್ಚಬೇಡಿ.

ಕಥೆ ಓದಿದ ಮೇಲಿನ ಮಾತುಕತೆಯೂ ಇದಕ್ಕೆ ಒದಗುತ್ತದೆ. ಪ್ರಥಮ್ ಬುಕ್ಸ್ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ತಂದಿರುವ ಕನ್ನಡದ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದೀಚೆಗೆ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಆದರೆ ಗ್ರಂಥಾಲಯ ತೆರೆಯುವ ಹೊತ್ತಿನಲ್ಲಿ ಅದರ ಮುಂದೆ ಯಾರು ಕೂರುತ್ತಾರೆ ಎಂಬುದನ್ನು ನೋಡಿ ಬಳಿಕ ಹುಡುಗಿಯರನ್ನು ಕಳುಹಿಸಬೇಕು. ವಾರಕ್ಕೊಮ್ಮೆ ಶಿಕ್ಷಕರೇ ಗುಂಪಾಗಿ ಕರೆದೊಯ್ಯುವುದು ಉತ್ತಮ.

ನಕ್ಷೆ ಬಿಡಿಸಿ, ಗ್ರಾಮಸಭೆಯಲ್ಲಿ ಓದಿಸಿ

ಆಗಸ್ಟ್ ವೇಳೆಗೆ ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆಯಾಗಿ ದೊಡ್ಡ ಹಾಳೆ ಕೊಟ್ಟು ಮನೆಯಿಂದ ಶಾಲೆಯವರೆಗಿನ ದಾರಿ, ಶಾಲೆಯ ಆವರಣ ಎರಡನ್ನೂ ಬಿಡಿಸಲು ಹೇಳಿ. ಧೈರ್ಯವಾಗಿ ಹೋಗುವ ಜಾಗಕ್ಕೆ ಹಸಿರು, ಹೋಗಲು ಅಂಜುವ ಜಾಗಕ್ಕೆ ಕೆಂಪು ಬಣ್ಣ. ಜಾಗಗಳ ಹೆಸರನ್ನು ಮಕ್ಕಳೇ ಬರೆಯಲಿ. ಬರೆಯಲು ಬಾರದವರಿಗೆ ಜೊತೆಯವರು ನೆರವಾಗಲಿ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಾಗ ಒಂದೇ ದಾರಿ ಹುಡುಗರ ಹಾಳೆಯಲ್ಲಿ ಹಸಿರಾಗಿ ಹುಡುಗಿಯರ ಹಾಳೆಯಲ್ಲಿ ಕೆಂಪಾಗಿ ಕಾಣುವುದುಂಟು. ಹಾಳುಬಿದ್ದ ಹಳೆಯ ಕೊಠಡಿ, ಸಾರಾಯಿ ಮಾರುವ ಅಂಗಡಿಯ ತಿರುವು, ಸಂಜೆಯ ಬಸ್ ನಿಲ್ದಾಣ, ಶೌಚಾಲಯದ ಹಿಂಭಾಗ ಎಂದು ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಹುಡುಗರ ಹಾಳೆಯಲ್ಲಿ ಕೆಂಪು ಬಣ್ಣ ಬಿದ್ದರೆ ಅದನ್ನೂ ಅಷ್ಟೇ ಗಂಭೀರವಾಗಿ ನೋಡಿ, ಏಕೆಂದರೆ ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ, ಮತ್ತು ನಾಚಿಕೆಯಿಂದ ಅವರು ಇನ್ನೂ ಕಡಿಮೆ ಮಾತನಾಡುತ್ತಾರೆ.

ಕೆಲವು ಕೆಲಸ ಶಾಲೆಯ ಮಟ್ಟದಲ್ಲೇ ಮುಗಿಯುತ್ತವೆ: ಒಳಗಿನ ಚಿಲಕ, ಹಾಳು ಕೊಠಡಿಗೆ ಬೀಗ, ಒಂದೇ ಓಣಿಯ ಅಥವಾ ತಾಂಡಾದ ಮಕ್ಕಳು ಗುಂಪಾಗಿ ಬರುವ ಏರ್ಪಾಡು. ಉಳಿದದ್ದನ್ನು ಮಕ್ಕಳ ಗ್ರಾಮಸಭೆಗೆ ಒಯ್ಯಬೇಕು. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಹಕ್ಕುಗಳ ಗ್ರಾಮಸಭೆ ನಡೆಸಬೇಕಾಗಿದ್ದು, ಅದು ಸಾಮಾನ್ಯವಾಗಿ ನವೆಂಬರ್‌ನ ಆಸುಪಾಸಿನಲ್ಲಿ ನಡೆಯುತ್ತದೆ. ಅಲ್ಲಿ ಶಿಕ್ಷಕರು ಬರೆದುಕೊಟ್ಟ ಭಾಷಣ ಬೇಡ. ಮಕ್ಕಳು ತಾವೇ ಬರೆದ ಬೇಡಿಕೆಯನ್ನು ತಾವೇ ಓದಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ನಡಾವಳಿಯಲ್ಲಿ ದಾಖಲಿಸುವುದನ್ನು ಕಣ್ಣಾರೆ ನೋಡಲಿ. ಏಳನೆಯ ತರಗತಿ ಮುಗಿಸಿ ಪಕ್ಕದೂರಿನ ಪ್ರೌಢಶಾಲೆಗೆ ಹೋಗಬೇಕಾದ ಹುಡುಗಿಯರ ಬಸ್ ವೇಳೆಯ ಬಗ್ಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೊಗೆ ಬರೆಯುವ ಅರ್ಜಿ ಒಳ್ಳೆಯ ಪತ್ರಲೇಖನದ ಪಾಠವೂ ಆಗುತ್ತದೆ.

ಮಗು ಬಂದು ಹೇಳಿದಾಗ

ಇಷ್ಟೆಲ್ಲ ಮಾಡಿದ ಮೇಲೆ ಒಂದು ದಿನ ಯಾವುದಾದರೂ ಮಗು ಬಂದು ಹೇಳುತ್ತದೆ. ಆ ಕ್ಷಣಕ್ಕೆ ಶಿಕ್ಷಕರೆಲ್ಲರೂ ಮುಂಚಿತವಾಗಿ ಸಿದ್ಧರಿರಬೇಕು. ಕೆಲಸ ನಿಲ್ಲಿಸಿ, ಕುಳಿತು, ಕೇಳಿಸಿಕೊಳ್ಳಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂದು ಹೇಳಿ. ಯಾಕೆ ಅಲ್ಲಿಗೆ ಹೋದೆ, ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗಳು ಬೇಡ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ನೀವು ಉಳಿಸಿಕೊಳ್ಳುವಂತಿಲ್ಲ. ನಿನಗೆ ನೆರವಾಗಬಲ್ಲವರಿಗೆ ಮಾತ್ರ ಹೇಳುತ್ತೇನೆ ಎನ್ನಿ. ಮಗು ಬಳಸಿದ ಪದಗಳಲ್ಲೇ, ದಿನಾಂಕ ಮತ್ತು ಸಮಯದೊಂದಿಗೆ, ಅದೇ ದಿನ ಬರೆದಿಟ್ಟುಕೊಳ್ಳಿ. ಮೊದಲು ಸಹಶಿಕ್ಷಕರ ಮುಂದೆ, ಆಮೇಲೆ ಮುಖ್ಯ ಶಿಕ್ಷಕರ ಮುಂದೆ, ಆಮೇಲೆ ಎಸ್‌ಡಿಎಂಸಿ ಮುಂದೆ ಎಂದು ಮತ್ತೆ ಮತ್ತೆ ಹೇಳಿಸುವುದು ಮಗುವಿಗೆ ಮಾಡುವ ಇನ್ನೊಂದು ಹಿಂಸೆ.

ಲೈಂಗಿಕ ದೌರ್ಜನ್ಯದ ಸಂಗತಿಯಾಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ ಆಗಬಹುದು, ಮತ್ತು ಆರೋಪಿ ತನ್ನ ಕೈಕೆಳಗಿನ ನೌಕರನಾಗಿದ್ದು ಸಂಸ್ಥೆಯ ಮುಖ್ಯಸ್ಥರು ಸುಮ್ಮನಿದ್ದರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕ್ರಮವೂ ಇಲ್ಲ. ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಸಿಗುವ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನೆರವು ದೊರೆಯುತ್ತದೆ. ಆದರೂ ಪೊಲೀಸ್ ಠಾಣೆಗೆ ಮಾಹಿತಿ ಮುಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲವೆಂದು ಹೆತ್ತವರಿಗೆ ತಿಳಿಹೇಳಿ: ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಇಲ್ಲದೆ ಪಡೆಯಬೇಕೆಂದು ಕಾನೂನೇ ಹೇಳುತ್ತದೆ.

ಊರಿನಲ್ಲಿ ಆಗ ಬರುವ ದೊಡ್ಡ ಒತ್ತಡ ರಾಜಿ ಪಂಚಾಯಿತಿಯದು. ಹಿರಿಯರು ಕೂಡಿ ಹಣ ಕೊಡಿಸಿ ಮುಗಿಸೋಣ, ಹುಡುಗಿಯ ಮರ್ಯಾದೆಯ ಪ್ರಶ್ನೆ, ಶಾಲೆಯ ಹೆಸರು ಕೆಡುತ್ತದೆ ಎನ್ನುತ್ತಾರೆ. ಇಂಥ ಅಪರಾಧದಲ್ಲಿ ರಾಜಿ ಮಾಡಿಸುವ ಅಧಿಕಾರ ಹಿರಿಯರಿಗಾಗಲಿ ಎಸ್‌ಡಿಎಂಸಿಗಾಗಲಿ ಇಲ್ಲ ಎಂಬುದನ್ನು ವರ್ಷದ ಮೊದಲ ಸಭೆಯಲ್ಲೇ, ಯಾವ ಪ್ರಕರಣವೂ ಕಣ್ಣ ಮುಂದಿಲ್ಲದಿರುವಾಗಲೇ, ಸ್ಪಷ್ಟವಾಗಿ ಹೇಳಿ ನಡಾವಳಿಯಲ್ಲಿ ಬರೆಸಿಡುವುದು ಜಾಣತನ. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮ ಬರೀ ಸಹಿಯಲ್ಲಿ ಉಳಿಯದೆ ಅವರು ಸಭೆಗೆ ಬರುವಂತಾದರೆ ಇಂಥ ಹೊತ್ತಿನಲ್ಲಿ ಮಾತಿಗೆ ತೂಕ ಬರುತ್ತದೆ. ದೂರಿದ ಮಗುವಿಗೆ ಟಿಸಿ ಕೊಟ್ಟು ಕಳುಹಿಸುವುದು ಅನ್ಯಾಯ. ಮಗು ಅದೇ ಶಾಲೆಯಲ್ಲಿ, ಅದೇ ಗೆಳತಿಯರ ನಡುವೆ, ಅದೇ ಓದಿನ ಗುಂಪಿನಲ್ಲಿ ಮುಂದುವರಿಯುವಂತೆ ನೋಡಿಕೊಳ್ಳಬೇಕು.

ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ 1098ಕ್ಕೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ಮತ್ತು ಪಂಚಾಯಿತಿಗೆ ಕೂಡಲೇ ತಿಳಿಸಬೇಕು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಆರಂಭದಿಂದಲೇ ಅಸಿಂಧು. ಮಕ್ಕಳ ಮಕ್ಕಳ ನಡುವಿನ ಅಡ್ಡಹೆಸರು, ಜಡೆ ಎಳೆಯುವುದು, ಗೋಡೆ ಮೇಲೆ ಹೆಸರು ಬರೆಯುವುದು ಇಂಥವನ್ನು ಶಾಲೆಯಲ್ಲೇ ಸರಿಪಡಿಸಬೇಕಾದರೂ ಹುಡುಗನನ್ನು ಹೊಡೆದು ಬುದ್ಧಿ ಕಲಿಸಲು ಹೋಗಬೇಡಿ. ಅವನು ಮಾಡಿದ್ದೇನು, ಆ ಹುಡುಗಿಗೆ ಅದರಿಂದ ಏನಾಯಿತು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ. ಹುಡುಗರೊಡನೆ ಈ ಮಾತುಕತೆಯನ್ನು ಪುರುಷ ಶಿಕ್ಷಕರೇ ನಡೆಸಿದರೆ ಹೆಚ್ಚು ನಾಟುತ್ತದೆ.

ವರ್ಷದ ಲೆಕ್ಕ

ಜೂನ್‌ನಲ್ಲಿ ಬಳಸಿದ ಮಾದರಿಯದೇ ಬೇರೆ ಹಾಳೆಯಿಂದ ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್‌ನಲ್ಲಿ ಮತ್ತೆ ಓದಿಸಿ ನೋಡಿ. ಗುಳೆ ಹೋಗಿ ಮರಳಿದ ಮಕ್ಕಳನ್ನು ಬಂದ ವಾರವೇ ನೋಡಿ. ಹುಡುಗಿಯರ ಮತ್ತು ಹುಡುಗರ ಮಟ್ಟವನ್ನು ಬೇರೆ ಬೇರೆಯಾಗಿ ಬರೆದು, ಹಾಜರಿಯ ಪಕ್ಕದಲ್ಲಿಟ್ಟು ಎಸ್‌ಡಿಎಂಸಿ ಸಭೆಗೆ ತೋರಿಸಿ, ಆದರೆ ಮಕ್ಕಳ ಹೆಸರು ಹೇಳಬೇಡಿ. ಮೊದಲ ವರ್ಷ ದೂರುಗಳು ಹೆಚ್ಚಾದರೆ ಗಾಬರಿಯಾಗಬೇಡಿ. ಮಕ್ಕಳು ಮಾತನಾಡತೊಡಗಿದ್ದಾರೆ ಎಂಬುದೇ ಅದಕ್ಕೆ ಮೊದಲ ಕಾರಣವಿರಬಹುದು. ಒಂದೂ ದೂರು ಬಾರದ ಶಾಲೆಯ ಬಗ್ಗೆಯೇ ಮೇಲಧಿಕಾರಿಗಳು ಹೆಚ್ಚು ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ವರ್ಗಾವಣೆಯಾದಾಗ ಈ ಕೆಲಸ ಅರ್ಧಕ್ಕೆ ನಿಲ್ಲುವುದನ್ನು ತಪ್ಪಿಸಲು ಪ್ರಭಾರ ಪಟ್ಟಿಯಲ್ಲಿ ಓದಿನ ಮಟ್ಟದ ಪಟ್ಟಿ, ಮಕ್ಕಳ ನಕ್ಷೆಗಳು, ಗ್ರಾಮಸಭೆಯ ಬೇಡಿಕೆಯ ಪ್ರತಿ ಇವುಗಳನ್ನು ಸೇರಿಸಿ, ಹೊಸದಾಗಿ ಬಂದ ಮುಖ್ಯ ಶಿಕ್ಷಕರಿಗೆ ಕುಳಿತು ವಿವರಿಸಿ ಒಪ್ಪಿಸಬೇಕು. ಮಕ್ಕಳು ಹೇಳಿಕೊಂಡ ಮಾತುಗಳ ಬರಹವಿರುವ ಲಕೋಟೆಯನ್ನು ಮಾತ್ರ ಮೊಹರು ಮಾಡಿ, ಬೀಗವಿರುವ ಬೀರುವಿನಲ್ಲಿಟ್ಟು, ಕೀಲಿಯನ್ನು ಕೈಯಿಂದ ಕೈಗೇ ಕೊಡಬೇಕು.